ನರ್ಸ್ ಬರೆದ ಹಾಳೆ

ಫೈಲು ಅವಳ ಕಾಲ ಬಳಿ ಬಂದು ಬಿತ್ತು. ಆಡಿಟರ್ ಅದರತ್ತ ನೋಡಲೂ ಇಲ್ಲ. ಎದುರು ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸುತ್ತಾ, "ಎತ್ಕೊ," ಎಂದರು.

ಅವಳು ಬಗ್ಗಿ ಎತ್ತಿಕೊಂಡಳು. ಅವಮಾನದಿಂದ ಮುಖ ಬಿಸಿಯಾಗಿತ್ತು. ಈ ತಿಂಗಳಲ್ಲಿ ಅವಳ ಮುಂದೆ ಫೈಲು ಹೀಗೆ ಬಂದು ಬಿದ್ದದ್ದು ಇದು ಮೂರನೆಯ ಸಲ.

ಆ ಆಫೀಸಿನಲ್ಲಿ ನಲವತ್ತು ಜನ ಕೂತು ಆಸ್ಪತ್ರೆಗಳ ಕಾಗದ ಓದಿ, ಒಂದೊಂದು ಕಾಯಿಲೆಗೂ ಅದರದರ ಕೋಡ್ ಹಾಕುತ್ತಿದ್ದರು. ಕೋಡ್ ನೋಡಿ ವಿಮಾ ಕಂಪನಿ ಆಪರೇಷನ್ನಿಗೆ ಹೂಂ ಅನ್ನುತ್ತಿತ್ತು, ಇಲ್ಲವೇ ಊಹೂಂ ಅನ್ನುತ್ತಿತ್ತು. ಫೈಲಿನ ಮೇಲೆ ರೋಗಿಯ ಹೆಸರಿಲ್ಲ, ವಯಸ್ಸಿಲ್ಲ, ಬರೀ ಒಂದು ಸಂಖ್ಯೆ. ಅದು ರೋಗಿಗೆ ತಿಳಿಯುವುದೂ ಕಂಪನಿಯ ಕೊನೆಯ ಉತ್ತರದ ಜೊತೆಗೇ. ಮುಖ ನೋಡಿ ಮಣೆ ಹಾಕುವುದು ಬೇಡವೆಂದು ಆ ಏರ್ಪಾಡು ತಂದವರು, ಎಲ್ಲರ ಕೋಡನ್ನೂ ನೋಡಿ ಸಹಿ ಹಾಕುವ ಇದೇ ಆಡಿಟರ್.

ಅವರು ಮೊದಲೇ ಬಿಗಿ ಮನುಷ್ಯ. ಆರು ತಿಂಗಳಿಂದೀಚೆಗೆ ಕಣ್ಣು ನೆತ್ತಿಗೇರಿದೆ ಎಂಬುದು ಇಡೀ ಆಫೀಸಿನ ಅಭಿಪ್ರಾಯ. ಹಿಂದೆ ಮೇಜಿನಿಂದ ಮೇಜಿಗೆ ಬಂದು ಮಾತಾಡಿಸುತ್ತಿದ್ದವರು ಈಗ ಎಲ್ಲರನ್ನೂ ತಮ್ಮ ಕೋಣೆಗೇ ಕರೆಸುತ್ತಿದ್ದರು. ಮೇಜಿನ ಮೇಲಿಟ್ಟ ಕಾಗದವನ್ನು ತಲೆ ತಗ್ಗಿಸಿ ನೋಡುವಷ್ಟು ಸೌಜನ್ಯವೂ ಇರಲಿಲ್ಲ, ನಿಂತವರೇ ಓದಿ ಹೇಳಬೇಕು. ಮುತ್ತು ಪೋಣಿಸಿದಂತಿದ್ದ ಸಹಿ ಕಾಗೆಕಾಲು ಗುಬ್ಬಿಕಾಲಾಗಿತ್ತು. ನಮ್ಮ ಯೋಗ್ಯತೆಗೆ ಇಷ್ಟು ಸಾಕು ಅಂತ ಇರಬೇಕು ಎಂದು ಎಲ್ಲರೂ ಆಡಿಕೊಂಡರು. ಗರಿಗರಿ ಇಸ್ತ್ರಿಯ ಅಂಗಿ ಹೋಗಿ ಟೀ ಶರ್ಟು ಬಂದಿತ್ತು. ಅರವತ್ತರ ಹತ್ತಿರ ಹರೆಯ ಬಂದಿದೆ ನೋಡೇ ಎಂದು ಪಕ್ಕದ ಸೀಟಿನ ಅಕ್ಕ ನಗಾಡುತ್ತಿದ್ದಳು.

ಈಗ ಅವಳ ಕೈಯಲ್ಲಿದ್ದದ್ದು ೪೪೧೭. ಡಾಕ್ಟರ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ಕತ್ತಿನ ಮೂಳೆ ಸವೆತ, ಆಪರೇಷನ್ ಬೇಕು. ಬರೀ ಸವೆತದ ಕೋಡಿಗೆ ಸಿಗುವುದು ಕತ್ತಿನ ಪಟ್ಟಿ ಮತ್ತು ವ್ಯಾಯಾಮ. ಬೆನ್ನುಹುರಿ ಅದುಮಿದೆ ಎಂದು ಡಾಕ್ಟರು ಇನ್ನೆರಡು ಪದ ಸೇರಿಸಿದ್ದರೆ ಕೋಡೇ ಬೇರೆ, ಆ ವಾರವೇ ಆಪರೇಷನ್. ಅದುಮಿದೆ ಎಂಬುದು ಅವಳಿಗೆ ಗೊತ್ತಿತ್ತು. ಹಿಂದೆ ಪಿನ್ ಮಾಡಿದ್ದ ನರ್ಸಿನ ಹಾಳೆಯಲ್ಲಿ, ಬೆರಳು ಜೋಮು, ಗುಂಡಿ ಹಾಕಲು ಆಗುತ್ತಿಲ್ಲ, ನಡೆಯುವಾಗ ಕಾಲು ತೊಡರುತ್ತದೆ ಎಂದೆಲ್ಲ ಬರೆದಿತ್ತು.

ಅವಳ ಅಣ್ಣನಿಗೂ ಹೀಗೇ ಶುರುವಾಗಿತ್ತು. ಇವತ್ತು ನಾಳೆ ಎಂದು ನಾಲ್ಕು ತಿಂಗಳು ಕಳೆದಿದ್ದರು. ಈಗ ಅವನಿಗೆ ಊಟ ತಿನ್ನಿಸುವವಳು, ಮಗ್ಗುಲು ಬದಲಿಸುವವಳು ಅವಳೇ. ಈ ೪೪೧೭ ಯಾರೋ ಏನೋ, ಅವರಾದರೂ ತಮ್ಮ ಕೈಯಿಂದ ತಾವು ಉಣ್ಣಲಿ ಎಂದು ಅವಳಿಗೆ ಹಟ ಬಂದಿತ್ತು. ವಿವರಣೆ ಕೇಳಿ ಡಾಕ್ಟರಿಗೆ ಬರೆದಿದ್ದಳು. ಡಾಕ್ಟರು ರಜೆಯಲ್ಲಿದ್ದರು. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಇದ್ದದ್ದಕ್ಕೆ ಕೋಡ್ ಹಾಕಿ ಫೈಲು ಮುಚ್ಚಬೇಕು. ಇವತ್ತು ಮೂರನೆಯ ದಿನ.

"ಇನ್ನು ನಾಲ್ಕು ದಿನ ಕೊಡಿ ಸರ್. ಡಾಕ್ಟರ್ ಬಂದ ತಕ್ಷಣ ಬರೆಸ್ಕೊಳ್ತೀನಿ."

"ಇಲ್ಲಿ ಕೆಲಸ ಮಾಡೋರ ಫೈಲೂ, ಅವರ ಮನೆಯವರ ಫೈಲೂ ಇದೇ ರಾಶೀಲಿ ಬರುತ್ತೆ ಅಂತ ನಂಗೆ ಗೊತ್ತು. ಯಾರದಮ್ಮ ಇದು? ನಿಮ್ಮಣ್ಣಂದಾ?"

"ನಮ್ಮಣ್ಣಂಗೆ ಇನ್ನು ಯಾವ ಆಪರೇಷನ್ ಮಾಡಿದ್ರೂ ಅಷ್ಟೇ ಸರ್. ಇವರಿಗೆ ಇನ್ನೂ ಸಮಯ ಇದೆ. ಹಿಂದಿನ ಹಾಳೆ ಓದ್ಲಾ?"

"ಬೇಡ. ನರ್ಸ್ ಬರೆದದ್ದು ಲೆಕ್ಕಕ್ಕಿಲ್ಲ. ಡಾಕ್ಟರ್ ಬರೀಲಿಲ್ಲ ಅಂದ್ರೆ ಆ ಕಾಯಿಲೆ ಇಲ್ಲ."

ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಅವಳು ಮುಂದಿಟ್ಟ ಮೇಲಿನ ಹಾಳೆಗೆ ಗೀಚಿದರು. ಅವಳು ಸೀಟಿಗೆ ಬಂದು ಸವೆತದ ಕೋಡ್ ಒತ್ತಿದಳು. ತನ್ನ ಕೈಯಾರೆ ಒಬ್ಬರನ್ನು ಮಂಚಕ್ಕೆ ಕಟ್ಟಿಹಾಕಿದೆ ಎನಿಸಿತು. ಆ ಮನುಷ್ಯನಿಗೆ ಬಾಯಿಗೆ ಬಂದಂತೆ ಶಾಪ ಹಾಕಿದಳು, ಮನಸ್ಸಿನಲ್ಲೇ.

ಅಲ್ಲಿಂದ ನಾಲ್ಕನೆಯ ದಿನ ಡಾಕ್ಟರ ಉತ್ತರ ಬಂತು. ಹೌದು, ಬೆನ್ನುಹುರಿ ಚೆನ್ನಾಗಿಯೇ ಅದುಮಿದೆ, ತಡಮಾಡಬೇಡಿ ಎಂದು. ಆದರೆ ಮುಚ್ಚಿದ ಫೈಲು ತೆರೆಯುವ ಹಾಗಿರಲಿಲ್ಲ. ಮತ್ತೆ ಮೊದಲಿನಿಂದ ಅರ್ಜಿ ಹಾಕಿದರೆ ಕಡಿಮೆಯೆಂದರೂ ಮೂರು ತಿಂಗಳು. ಆ ನಿಯಮವೂ ಆಡಿಟರದ್ದೇ.

ಇದಾಗಿ ಒಂದು ವಾರಕ್ಕೆ, ಮಧ್ಯಾಹ್ನ, ಅವರಿಂದ ಕರೆ ಬಂತು. ಇನ್ನೇನು ಕಾದಿದೆಯೋ ಎಂದುಕೊಂಡು ಹೋದಳು. ಬಾಗಿಲು ಹಾಕಲು ಹೇಳಿದರು. ದನಿ ಎಂದಿನಂತಿರಲಿಲ್ಲ. ಮೇಜಿನ ಮೇಲೆ ಒಂದು ಲಕೋಟೆ ಇತ್ತು. ಅದರ ಮೂಲೆ ಒದ್ದೆಯಾಗಿತ್ತು, ಹಲ್ಲಿನ ಗುರುತು ಮೂಡಿತ್ತು.

"ಇದನ್ನ ಸ್ವಲ್ಪ ಒಡೆದು ಓದಮ್ಮ. ಬೆರಳು ಮಾತು ಕೇಳ್ತಿಲ್ಲ. ಮನೇಲಿ ಹೇಳಿದ್ರೆ ಹೆದರ್ಕೊಳ್ತಾಳೆ ಅಂತ ಆಫೀಸ್ ವಿಳಾಸವೇ ಕೊಟ್ಟಿದ್ದೆ." ಲಕೋಟೆಯನ್ನು ಮೊಣಕೈಯಿಂದ ಅವಳತ್ತ ತಳ್ಳಿ ಹೇಳಿದರು, "ಅವತ್ತು ಫೈಲು ನಾನು ಬಿಸಾಡಿದ್ದಲ್ಲ. ಜಾರಿ ಹೋಯ್ತು."

ಅವಳು ಲಕೋಟೆ ಒಡೆದಳು. ಒಳಗಿನ ಕಾಗದ ಅವರದೇ ವಿಮಾ ಕಂಪನಿಯದು.

"ಆಪರೇಷನ್ ಯಾವತ್ತು ಅಂತ ಬಂದಿರ್ಬೇಕು," ಎಂದರು ಅವರು, ಕ್ಯಾಲೆಂಡರ್ ನೋಡುತ್ತಾ. "ಡಾಕ್ಟರಿಗೆ ಪುರುಸೊತ್ತಿರ್ಲಿಲ್ಲ. ಆದ್ರೆ ನರ್ಸ್ ಹತ್ರ ಒಂದೂ ಬಿಡದೆ ಹೇಳಿದ್ದೀನಿ. ಪಾಪ, ಎಲ್ಲಾ ಬರ್ಕೊಂಡ್ಲು."

ಕಾಗದದ ತಲೆಯಲ್ಲಿ ೪೪೧೭ ಎಂದಿತ್ತು. ಆಪರೇಷನ್ ನಿರಾಕರಿಸಿದ್ದರು, ಅದಕ್ಕೆ ಆಧಾರವಾದ ಹಾಳೆಯ ನಕಲನ್ನೂ ಜೊತೆಗಿಟ್ಟಿದ್ದರು, ಅದರ ಬುಡದಲ್ಲಿ ಕಾಗೆಕಾಲು ಗುಬ್ಬಿಕಾಲಿನಂಥ ಒಂದು ಸಹಿ ಇತ್ತು.