ಓಣಿಯ ಬಣ್ಣ

ಉಸಿರಿಗೆ ಕೆಟ್ಟದ್ದಾದ ಓಝೋನ್ ಮಧ್ಯಾಹ್ನದ ಗಾಳಿಯಲ್ಲಿ ಎಷ್ಟೇರುತ್ತದೆಂದು ಬಳ್ಳಾರಿಯ ಪ್ರತಿ ಓಣಿಗೂ ಕಂಪ್ಯೂಟರ್ ಬೆಳಿಗ್ಗೆಯೇ ಹೇಳುತ್ತಿತ್ತು. ಪರದೆಯಲ್ಲಿ ಓಣಿಗೆ ಕೆಂಪು ಬಂದರೆ ಶಾಲೆಯ ಮಕ್ಕಳು ಒಳಗೇ ಇರಬೇಕು, ಗಾಡಿಗೆ ಬಣ್ಣ ಹೊಡೆಯುವ ಪೇಂಟ್ ಶೆಡ್ಡುಗಳು ಹೊತ್ತು ಮುಳುಗುವವರೆಗೆ ಬಂದ್. ಆ ಕಂಪ್ಯೂಟರಿಗೆ ಓಣಿಯ ಹೊಗೆ, ಪೇಂಟುಗಳ ಲೆಕ್ಕ ಉಣಿಸುವವಳು ಹುಲಿಗೆಮ್ಮ.

ಗಂಡ ದುರುಗಪ್ಪ ಫೋನು ಮಾಡಿದ. "ಟೆಂಪೋಗೆ ಇವತ್ತೇ ಬಣ್ಣ ಹೊಡೀಬೇಕು. ನನ್ ಶೆಡ್ ಮುಚ್ಚೈತಂತ ಹಾಕಿಬಿಡು. ಒಂದು ಶೆಡ್ಡಿಗೆ ಆಕಾಶ ಹರಿದು ಬೀಳ್ತದೇನು?"

ಅವಳು ಹಾಗೇ ಹಾಕಿ ನೋಡಿದಳು. ಓಣಿ ಹಸಿರಾಯಿತು. ಹಸಿರಾದರೆ ಉಬ್ಬಸದ ಮಗಳು ಚೆನ್ನಿಯೂ ಶಾಲೆಯ ಬಯಲಿಗೆ ಓಡುತ್ತಾಳೆ, ಅದೇ ಪೇಂಟಿನ ಗಾಳಿಗೆ. ಹುಲಿಗೆಮ್ಮ ಅಳಿಸಿ ನಿಜವನ್ನೇ ತುಂಬಿದಳು. ಓಣಿ ಕೆಂಪಾಯಿತು.

"ಹೊತ್ತು ಮುಳುಗಿದ ಮ್ಯಾಲೆ ಹೊಡಿ," ಎಂದಳು ದಣಿದ ದನಿಯಲ್ಲಿ. "ನಾನೂ ಬಂದು ಬಣ್ಣ ತಾಗದಂಗ ಗ್ಲಾಸಿಗೆ ಪೇಪರ್ ಅಂಟಿಸ್ತೀನಿ."

"ಅಷ್ಟೊತ್ತು ಟೆಂಪೋದವ ನಿಲ್ಲಂಗಿಲ್ಲ." ದುರುಗಪ್ಪ ಶೆಡ್ಡಿನ ಬಾಗಿಲು ಎಳೆದು ಮುಚ್ಚಿದ ಸದ್ದು ಫೋನಿನಲ್ಲಿ ಕೇಳಿತು. ಆಮೇಲೆ ಕೇಳಿದ, "ಚೆನ್ನಿ ಒಳಗೇ ಇರ್ತಾಳಲ್ಲ?"