ಟೇಪ್ ಹಚ್ಚದ ಮಧ್ಯಾಹ್ನ

ಹೊಸ ಸೀರೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಗಜೇಂದ್ರಗಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ದಿನಾಲೂ ಟೇಪ್ ರೆಕಾರ್ಡರ್ ಹಚ್ಚಿಯೇ ಮಗ್ಗಕ್ಕೆ ಕೂಡುತ್ತಿದ್ದಳು. ಅದೇ ಹಾಡು ಕೇಳುತ್ತ ಗೋಡೆಯಾಚೆ ಮುಮ್ತಾಜ್ ಕಾಕಿ ಹೊಲಿಗೆ ಮಷೀನು ತುಳಿಯುತ್ತಿದ್ದಳು. ಅವತ್ತು ಮುಂಜಾನೆ ನನ್ನ ಸೋದರಮಾವ ಬೆಂಕಿಪೊಟ್ಟಣದಷ್ಟಿದ್ದ ಎಂಪಿತ್ರೀ ಪ್ಲೇಯರ್ ತಂದು, ಅದರ ವಾಯರನ್ನು ಅವ್ವನ ಎರಡೂ ಕಿವಿಗೆ ಸಿಕ್ಕಿಸಿ ಹೋಗಿದ್ದ. ಅವ್ವ ಒಬ್ಬಳೇ ನಗುತ್ತ ನೇಯುತ್ತಿದ್ದಳು. ಮನೆಯಲ್ಲಿ ಮಗ್ಗದ ಸದ್ದೊಂದೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಕಾಕಿ ತಲೆ ತುಂಬ ಸೆರಗು ಹೊದ್ದು ಬಂದಳು. ಬೆರಳಿಗೆ ಇನ್ನೂ ದಾರ ಸುತ್ತಿಕೊಂಡಿತ್ತು.

"ಮುಂಜಾನಿಂದ ಟೇಪ್ ಬಂದ್ ಐತಿ," ಎಂದು ನನ್ನನ್ನೇ ಮೆಲ್ಲಗೆ ಕೇಳಿದಳು, "ಯಾರ್ ತೀರಿಕೊಂಡ್ರವ್ವಾ?"

ಅವ್ವ ಅವಳನ್ನು ಕಂಡು, "ಇಲ್ಲಿ ಬಾರಬೇ" ಎಂದು ತನ್ನ ಒಂದು ಕಿವಿಯ ವಾಯರ್ ಕಿತ್ತು ಅವಳ ಕಿವಿಗಿಟ್ಟಳು. ವಾಯರ್ ಗಿಡ್ಡದಿತ್ತು. ಇಬ್ಬರೂ ತಲೆಗೆ ತಲೆ ಹಚ್ಚಿ ಕಣ್ಣು ಮುಚ್ಚಿ ಕೂತರು. ದಿನಾಲೂ ಹೊತ್ತು ಮುಳುಗುವ ತನಕ ನಿಲ್ಲದ ಮಗ್ಗ ಅವತ್ತು ಮಧ್ಯಾಹ್ನವೇ ನಿಂತಿತು.

ಹೊರಗಿನಿಂದ ಬಂದ ಅಪ್ಪ ಗಾಬರಿಯಿಂದ ಬಾಗಿಲಲ್ಲೇ ನಿಂತ. "ಯಾಕ, ಏನಾತು?"

ಅವ್ವ ಕಣ್ಣು ತೆರೆಯಲಿಲ್ಲ.

"ತಡೀರಿ, ಇದೊಂದು ಹಾಡು ಮುಗೀಲಿ."