ಹಸಿರು ಬೊಟ್ಟು

ಮಾಂಸ ಎಂದೂ ಹೊಸ್ತಿಲು ದಾಟದ ಮನೆ. ಸೊರಗಿದ ಮುದಿನಾಯಿಗೆ ಮಾಂಸದ ಆಹಾರವೇ ಆಗಬೇಕೆಂದು ಡಾಕ್ಟರು ಹೇಳಿದಾಗ ಸೊಸೆ ಸುಮೇಧಾ ಗುಟ್ಟಾಗಿ ಡಬ್ಬಿಗಳನ್ನು ತಂದಳು. ಮಾಂಸಾಹಾರವೆಂದು ಸಾರುವ ಕೆಂಪು ಚುಕ್ಕೆಯ ಮೇಲೆ, ತಾನು ಹಣೆಗಿಡುವ ಹಸಿರು ಸ್ಟಿಕ್ಕರ್ ಬೊಟ್ಟು ಅಂಟಿಸಿದಳು.

“ಇದರಲ್ಲಿ ಏನೇನು ಹಾಕಿದಾರೆ, ಓದೇ,” ಎಂದರು ಇಂಗ್ಲಿಷ್ ಬಾರದ ಅತ್ತೆ.

ಕೋಳಿ ಎಂದಿದ್ದಲ್ಲಿ ಅವಳು ಕುಂಬಳಕಾಯಿ ಎಂದಳು. ಕುರಿ ಲಿವರ್ ಎಂದಿದ್ದಲ್ಲಿ ಹೆಸರುಬೇಳೆ ಎಂದಳು. “ಪ್ರೋಟೀನ್ ತುಂಬಾ ಇದೆಯಂತೆ ಅತ್ತೆ.”

“ಕುಂಬಳಕಾಯಿಗೆ ಅಷ್ಟು ಶಕ್ತಿ ಇದ್ದಿದ್ರೆ ನಿಮ್ಮ ಮಾವ ಪೈಲ್ವಾನ್ ಆಗ್ತಿದ್ರು,” ಎಂದು ಅತ್ತೆ ನಕ್ಕರು.

ತಿಂಗಳೊಪ್ಪತ್ತಿನಲ್ಲಿ ನಾಯಿ ಮೈ ತುಂಬಿಕೊಂಡಿತು. ಸುಮೇಧಾ ಮಾತ್ರ ಇಳಿದುಹೋದಳು. ಡಬ್ಬಿ ತೆರೆದ ಕೈಯಿಂದಲೇ ದೇವರಿಗೆ ದೀಪ ಹಚ್ಚುವಾಗ ಎದೆ ಅಳುಕುತ್ತಿತ್ತು. ನಂಬಿದವರಿಗೆ ಮೋಸ ಮಾಡಿದೆನಲ್ಲಾ ಎಂದು ಅನ್ನ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ತಡೆಯಲಾರದೆ ಅತ್ತೆಯ ಮುಂದೆ ನಿಂತಳು.

“ಅತ್ತೆ, ಆ ಡಬ್ಬಿ ವಿಷಯದಲ್ಲಿ ನಾನು ತಪ್ಪು ಮಾಡಿಬಿಟ್ಟೆ.”

“ತಪ್ಪೇ ಮಾಡಿದೀಯ.” ಅತ್ತೆ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದರು. “ನಿಮ್ಮ ಮಾವ ನೋಡಿದ್ದಿದ್ರೆ ಏನು ಗತಿ? ನಿನ್ನೆ ಬೊಟ್ಟು ಉದುರಿಹೋಗಿತ್ತು, ನಾನೇ ಇನ್ನೊಂದು ಅಂಟಿಸಿದೆ.”